ಮೂಲೆ ಮಡಚಿದ ಟೇಪು

ನನ್ನದು ಅನುಮಾನದ ಬುದ್ಧಿ. ಹೊರಗಿನವರು ಯಾರೂ ಹೇಳಬೇಕಾಗಿಲ್ಲ, ಅಕ್ಕ ಚಿಕ್ಕಂದಿನಿಂದ ಹೇಳುತ್ತಲೇ ಬಂದಿದ್ದಾಳೆ. ಆದರೆ ಜನರನ್ನು ಸಮುದ್ರದ ತಳಕ್ಕೆ ಇಳಿಸುವ ಅಂಗಡಿ ಇಟ್ಟವಳಿಗೆ ಅನುಮಾನವೇ ಅರ್ಧ ಬಂಡವಾಳ. ಈಜು ಬರುತ್ತದೆಂದು ಎದೆ ತಟ್ಟಿಕೊಂಡು ಬಂದವನಿಗೆ ಸೊಂಟದ ಮಟ್ಟದ ನೀರಿನಲ್ಲೇ ಕೈಕಾಲು ಆಡುವುದಿಲ್ಲ. ನೆಗಡಿ ಇಲ್ಲವೇ ಇಲ್ಲ ಎಂದವಳು ಮುಖಕ್ಕೆ ಮಾಸ್ಕ್ ಏರಿಸಿದ ಕೂಡಲೇ ಸೀನುತ್ತಾಳೆ. ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆಯೆಂದು ತೋರಿಸುವ ಗೇಜಿನ ಮುಳ್ಳೂ ಒಮ್ಮೊಮ್ಮೆ ಸಿಕ್ಕಿಹಾಕಿಕೊಂಡು ಸುಳ್ಳು ಹೇಳುತ್ತದೆ. ಅದಕ್ಕೇ ಅಪ್ಪ ನನಗೆ ಮೊದಲು ಕಲಿಸಿದ್ದು ಗೇಜನ್ನು ಬೆರಳಿನಿಂದ ತಟ್ಟಿ ನೋಡುವುದನ್ನು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಕಟ್ಟಿದವನು ನಮ್ಮ ಕಸುಬಿನವನೇ ಇರಬೇಕು.

ಅಂಗಡಿ ಬಂದರಿನ ಹಳೆಯ ಗೋಡೆಗೆ ಬೆನ್ನು ಕೊಟ್ಟು ನಿಂತಿದೆ. ಮುಂದಿನ ಕೋಣೆಯಲ್ಲಿ ಮಾರುವ ಸಾಮಾನು, ನಡುವಿನದರಲ್ಲಿ ಬಾಡಿಗೆಯ ರಬ್ಬರ್ ಸೂಟುಗಳು, ಹಿಂದಿನದರಲ್ಲಿ ಗಾಳಿ ತುಂಬುವ ಕಂಪ್ರೆಸರ್ ಮತ್ತು ಗೋಡೆಯುದ್ದಕ್ಕೂ ಸಿಲಿಂಡರುಗಳು. ಅದಕ್ಕೆ ಅಂಟಿಕೊಂಡ ಪುಟ್ಟ ಕೋಣೆ ಅಪ್ಪನದು. ಅಂಗಡಿ ಹಾಕಿದವನು ಅವನೇ. ಹೋದ ವರ್ಷ ಎದೆನೋವು ಬಂದು ಮಲಗಿದ ಮೇಲೆ ಡಾಕ್ಟರು, ಇನ್ನು ನೀರಿಗಿಳಿದರೆ ಮೇಲೆ ಬರುವ ಖಾತ್ರಿಯಿಲ್ಲ ಎಂದು ಖಂಡಿತವಾಗಿ ಹೇಳಿಬಿಟ್ಟರು. ಅವತ್ತೇ ನಾನು ಅಪ್ಪನ ಉಸಿರಾಟದ ರೆಗ್ಯುಲೇಟರನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅವನು ಹಿಂದಿನ ಕೋಣೆಯ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ರಬ್ಬರ್ ಉಂಗುರಗಳಿಗೆ ಗ್ರೀಸ್ ಸವರುತ್ತ ಕೂತ. ಅಂದಿನಿಂದ ಅದೇ ಅವನ ಕೆಲಸ.

ಆ ಕುರ್ಚಿಯ ಮೇಲುಗಡೆ ಗೋಡೆಯಲ್ಲಿ ಅಪ್ಪನೇ ಕೆಂಪು ಬಣ್ಣದಲ್ಲಿ ಬರೆದ ಒಂದು ಸಾಲಿದೆ: ಒಬ್ಬರೇ ಇಳಿಯಬಾರದು. ನಮ್ಮಲ್ಲಿ ಯಾರೇ ನೀರಿಗಿಳಿದರೂ ಜೋಡಿಯಾಗಿಯೇ ಇಳಿಯಬೇಕು. ಒಬ್ಬರಿಗೆ ಗಾಳಿ ಮುಗಿದರೆ ಇನ್ನೊಬ್ಬರು ತಮ್ಮದನ್ನು ಕೊಡಬೇಕು, ಒಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರು ಕಾಣಬೇಕು. ಹಿಂದೊಮ್ಮೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಪ್ಪನ ಗೆಳೆಯನೇ ಒಬ್ಬ, ಬಿದ್ದ ಲಂಗರು ಹುಡುಕಲು ಯಾರಿಗೂ ಹೇಳದೆ ಒಬ್ಬನೇ ಇಳಿದು ಸಿಂಹದ ಹಾಗೆ ಮೇಲೆ ಬಂದ. ಅಪ್ಪ ಅವನ ಬೆನ್ನು ತಟ್ಟಿ, ಟವೆಲು ಕೊಟ್ಟು, ಮರುದಿನದಿಂದ ಕೆಲಸಕ್ಕೆ ಬರಬೇಡ ಎಂದ.

ಇನ್ನೊಂದು ಪದ್ಧತಿ ಟೇಪಿನದು. ಸಿಲಿಂಡರು ತುಂಬಿದ ಕೂಡಲೇ ಅದರ ಬಾಯಿಗೆ ಒಂದು ತುಂಡು ಟೇಪು ಅಂಟಿಸುತ್ತೇವೆ. ಟೇಪಿದ್ದರೆ ತುಂಬಿದ್ದು, ಇಲ್ಲದಿದ್ದರೆ ಖಾಲಿ. ಅಪ್ಪ ಟೇಪಿನ ಒಂದು ಮೂಲೆಯನ್ನು ಒಳಕ್ಕೆ ಮಡಚಿ ಅಂಟಿಸುತ್ತಾನೆ, ಒದ್ದೆ ಬೆರಳಿಗೂ ಸುಲಭವಾಗಿ ಸಿಗಲಿ ಎಂದು. ನೋಡಿ ನೋಡಿ ನನಗೂ ಅದೇ ಅಭ್ಯಾಸ. ಭಾವನದು ಬೇರೆ. ಅವರು ಟೇಪನ್ನು ಹಲ್ಲಿನಲ್ಲಿ ಕಡಿದು ಹೇಗೋ ಒಂದು ಹಾಗೆ ಮೆತ್ತುತ್ತಾರೆ, ನೋಡಿದರೆ ನಾಯಿ ಕಚ್ಚಿದ ಹಾಗಿರುತ್ತದೆ.

ಭಾವ ಎಂದರೆ ಅಕ್ಕನ ಗಂಡ. ನೀರೆಂದರೆ ನಡುಗುವ ಗಿರಾಕಿಯಾಗಿ ಬಂದು, ಗಲ್ಲೆಯ ಮುಂದೆ ಕೂತಿದ್ದ ಅಕ್ಕನನ್ನು ನೋಡಿ, ಕಲಿಯುವ ನೆಪದಲ್ಲಿ ಮತ್ತೆ ಮತ್ತೆ ಬಂದವರು. ಅಪ್ಪ ಅವರಿಗೆ ಮುಳುಗುವುದನ್ನು ಕಲಿಸಿ ಮಗಳನ್ನೂ ಕೊಟ್ಟ. ಆನೆಯಂಥ ಮೈ, ಇರುವೆಯಷ್ಟು ಮಾತು. ಹೊಸಬರಿಗೆ ಕಲಿಸುವುದರಲ್ಲಿ ಅವರ ಮುಂದೆ ಯಾರೂ ಇಲ್ಲ. ಅಪ್ಪ ಮಲಗಿದ ಮೇಲೆ ಅಂಗಡಿ ನಿಂತಿದ್ದದ್ದು ಅವರ ಮೇಲೆ. ಇದನ್ನು ನಾನು ಅವರ ಎದುರಿಗೆ ಯಾವತ್ತೂ ಹೇಳಿರಲಿಲ್ಲ.

ಗಾಳಿ ಕಡಿಮೆಯಾಗುತ್ತಿದೆ ಎಂದು ಗೊತ್ತಾದದ್ದು ದೋಣಿಯ ಮೇಲೆ. ಬೇರೆ ಊರಿನ ಗಂಡಹೆಂಡತಿ ಸೂಟು ಏರಿಸಿಕೊಂಡು ಕೂತಿದ್ದರು. ಟೇಪು ಕಿತ್ತು, ಗೇಜು ಜೋಡಿಸಿ, ತಟ್ಟಿ ನೋಡಿದೆ. ಮುಳ್ಳು ಮುಕ್ಕಾಲಿನಿಂದ ಆಚೆಗೆ ಏಳಲಿಲ್ಲ. ಹೆಂಡತಿಯದನ್ನು ನೋಡಿದರೆ ಅದೂ ಅಷ್ಟೇ.

"ಮುಕ್ಕಾಲು ಹೊಟ್ಟೆ ಊಟಕ್ಕೆ ಪೂರ್ತಿ ಎಲೆ ಹಾಕಿದಂಗಾಯ್ತಲ್ಲ ಮೇಡಂ" ಎಂದು ಗಂಡ ನಕ್ಕ. ಮರುದಿನ ಅವರಿಬ್ಬರೂ ಎದುರಂಗಡಿಯ ದೋಣಿಯಲ್ಲಿ ಕೂತಿದ್ದನ್ನು ನೋಡಿದೆ.

ಎದುರಂಗಡಿ ಹೊಸದು. ಗಾಜಿನ ಬಾಗಿಲು, ಒಳಗೆ ಬಣ್ಣದ ಮೀನಿನ ತೊಟ್ಟಿ, ಗಿರಾಕಿಗೆ ಕೂರಲು ಮೆತ್ತನೆಯ ಸೋಫಾ. ನಮ್ಮಲ್ಲಿ ಮಾಸ್ಕುಗಳನ್ನು ಮುಖಕ್ಕೆ ಹಾಕಿ ನೋಡಿ, ಅಳತೆ ತಿಳಿದುಕೊಂಡು, ಫೋನಿನಲ್ಲಿ ತರಿಸಿಕೊಳ್ಳುವ ಜನರ ನಡುವೆ ಒಂದು ಹಳೆಯ ಅಂಗಡಿ ಉಳಿದುಕೊಳ್ಳುವುದು ಹೆಸರಿನಿಂದ. ಈ ಅಂಗಡಿಯ ಗಾಳಿಯನ್ನು ಕಣ್ಣು ಮುಚ್ಚಿ ಎಳೆದುಕೊಳ್ಳಬಹುದು ಎಂಬ ಹೆಸರು. ಆ ಹೆಸರು ಹೋದರೆ ಬೀಗ ಹಾಕುವುದೊಂದೇ ಉಳಿಯುವುದು.

ಮೊದಲು ಸಿಲಿಂಡರುಗಳೇ ಸೋರುತ್ತಿವೆಯೇ ಎಂದು ಸೋಪಿನ ನೀರು ಸವರಿ ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಆಮೇಲೆ ಬೆಳಿಗ್ಗೆ ಬಂದ ಕೂಡಲೇ ಎಲ್ಲವನ್ನೂ ಗೇಜಿಗೆ ಹಿಡಿಯಲು ಶುರುಮಾಡಿದೆ. ಕೆಲವು ದಿನ ಏನೂ ಇರುತ್ತಿರಲಿಲ್ಲ. ಕೆಲವು ದಿನ ಎರಡು ಕಡಿಮೆ ಇರುತ್ತಿದ್ದವು. ಒಂದು ಎಂದೂ ಇಲ್ಲ, ಮೂರು ಎಂದೂ ಇಲ್ಲ, ಯಾವಾಗಲೂ ಎರಡು. ಬಾಯಿಗೆ ಮಾತ್ರ ಅಚ್ಚುಕಟ್ಟಾಗಿ ಟೇಪು.

ಯಾರೋ ನಾನು ಬರುವ ಮುಂಚೆ ಬಳಸಿ, ಒರೆಸಿ, ತಂದಿಡುತ್ತಿದ್ದರು. ಮತ್ತೆ ತುಂಬಿಸಿಡಲು ಅವರಿಗೆ ದಾರಿಯಿರಲಿಲ್ಲ. ಪಕ್ಕದ ಹಲ್ಲಿನ ಡಾಕ್ಟರು ನಮ್ಮ ಕಂಪ್ರೆಸರಿನ ಸದ್ದಿಗೆ ಬೆಳಗಿನ ನಿದ್ದೆ ಕೆಡುತ್ತದೆಂದು ದೂರು ಕೊಟ್ಟು, ಅಂಗಡಿ ತೆರೆಯುವ ತನಕ ಅದನ್ನು ಹಾಕಕೂಡದು ಎಂದು ಮಾಡಿಸಿದ್ದರು. ದಿನವಿಡೀ ಊರವರ ಬಾಯಲ್ಲಿ ಗರ್ರ್ ಎನಿಸುವ ಮನುಷ್ಯನಿಗೆ ನಮ್ಮ ಗರ್ರ್ ಮಾತ್ರ ಆಗಿಬರುವುದಿಲ್ಲ. ಮೊದಲ ಸಲ ಅವರ ದೂರಿನಿಂದ ನನಗೆ ಉಪಕಾರವಾಯಿತು ಅಂದುಕೊಂಡೆ.

ಬೀಗದ ಕೈ ಇದ್ದದ್ದು ನನ್ನಲ್ಲಿ ಮತ್ತು ಭಾವನಲ್ಲಿ. ಅಪ್ಪ ಒಳಗೇ ಮಲಗುತ್ತಾನೆ, ನಿಜ. ಆದರೆ ಅವನನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಇಲ್ಲಿಂದ ಬೀದಿಯ ಮೂಲೆಯ ತನಕ ಹೋಗಿಬಂದರೆ ಏದುಸಿರು ಬಿಡುವವನು. ಸದ್ದೇನಾದರೂ ಕೇಳಿಸುತ್ತದೆಯೇ ಎಂದು ವಿಚಾರಿಸಿದೆ.

"ಆ ಮಾತ್ರೆ ನುಂಗಿದ್ಮೇಲೆ ಸಿಡಿಲು ಬಡಿದ್ರೂ ಎಚ್ಚರ ಆಗಲ್ಲ ಮರಿ" ಎಂದ ಅಪ್ಪ. ಆಮೇಲೆ ಗ್ರೀಸಿನ ಡಬ್ಬಿಯ ಮುಚ್ಚಳ ತಿರುಗಿಸುತ್ತ, "ಎದುರಂಗಡಿಯವನ ಮೇಲೆ ಒಂದು ಕಣ್ಣಿಟ್ಟಿರು. ಅವನ ನಗು ನಂಗೆ ಸರಿಕಾಣಲ್ಲ" ಎಂದ.

ನಾನು ಎದುರಂಗಡಿಯ ಮೇಲೆ ಕಣ್ಣಿಟ್ಟೆ. ಆದರೆ ಕಂಡದ್ದು ನಮ್ಮದೇ ಅಂಗಡಿಯೊಳಗೆ. ಗಾಳಿ ಕಡಿಮೆಯಾದ ದಿನಗಳಲ್ಲಿ ಬಾಡಿಗೆಯ ಸೂಟುಗಳ ನಡುವೆ ಎರಡು ಸೂಟುಗಳ ಕಂಕುಳು ತೇವವಾಗಿರುತ್ತಿತ್ತು. ಒಂದು ಎಲ್ಲಕ್ಕಿಂತ ದೊಡ್ಡ ಅಳತೆಯದು. ಅದು ಭಾವನ ಮೈಗೆ ಬಿಟ್ಟು ಊರಿನಲ್ಲಿ ಇನ್ಯಾರ ಮೈಗೂ ಆಗುವುದಿಲ್ಲ. ಇನ್ನೊಂದು ಸಣ್ಣ ಅಳತೆಯದು, ನಾವು ಹೆಂಗಸರಿಗೆಂದೇ ಇಟ್ಟದ್ದು.

ಆ ಸಣ್ಣ ಸೂಟನ್ನು ಮೂಗಿಗೆ ಹಿಡಿದು ನೋಡಿದೆ. ಮೊದಲಿಗೆ, ಭಾವ ಗುಟ್ಟಾಗಿ ತಮ್ಮದೇ ಗಿರಾಕಿಗಳನ್ನು ಕಟ್ಟಿಕೊಂಡಿದ್ದಾರೆ ಅಂದುಕೊಂಡೆ. ಆಮೇಲೆ ಅದಕ್ಕಿಂತ ಕೆಟ್ಟದ್ದು ತಲೆಗೆ ಬಂತು. ಗಿರಾಕಿಯಾದರೆ ದಿನಕ್ಕೊಂದು ಅಳತೆ ಇರಬೇಕಲ್ಲ. ಇಲ್ಲಿ ಪ್ರತಿ ಸಲವೂ ಅದೇ ಸೂಟು.

ಅಕ್ಕನ ಮನೆಗೆ ಹೋದೆ. ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು.

"ಭಾವ ಬೆಳಿಗ್ಗೆ ಎಷ್ಟೊತ್ತಿಗೆ ಮನೆ ಬಿಡ್ತಾರೆ?" ಎಂದೆ.

"ಯಾಕೆ? ಬೇಗ ಹೋಗ್ತಾರಪ್ಪ, ಸಿಲಿಂಡರ್ ತುಂಬೋದಿದೆ ಅಂತ."

"ಅಂಗಡಿ ತೆಗೆಯೋ ತನಕ ಕಂಪ್ರೆಸರ್ ಹಾಕೋ ಹಾಗಿಲ್ಲ ಅಕ್ಕ. ಯಾರ ಜೊತೆ ನೀರಿಗಿಳೀತಾರೆ ಅಂತ ನೀನೇ ಒಂದು ಮಾತು ಕೇಳಿ ನೋಡು. ಸಣ್ಣ ಸೂಟಿನೋಳು ಯಾರೋ ಇದಾಳೆ."

ಅಕ್ಕನ ಕೈ ಬಟ್ಟೆಯ ಮೇಲೆ ನಿಂತಿತು. "ಚಿಕ್ಕೋಳಿದ್ದಾಗ ನಿನ್ನ ಪೆನ್ಸಿಲ್ ಕಳೆದ್ರೆ ಇಡೀ ಕ್ಲಾಸಿನ ಚೀಲ ತಡಕ್ತಿದ್ದೆ. ಪೆನ್ಸಿಲ್ ನಿನ್ನ ಕಿವಿ ಮೇಲೇ ಇರ್ತಿತ್ತು" ಎಂದಳು. ಆದರೆ ಅವಳ ದನಿಯಲ್ಲಿ ಎಂದಿನ ತಮಾಷೆಯಿರಲಿಲ್ಲ. ನಾನು ಹೊರಟಾಗ ಬಾಗಿಲ ತನಕ ಬರಲೂ ಇಲ್ಲ.

ಪುರಾವೆ ಇಲ್ಲದೆ ಬಾಯಿ ತೆರೆಯಬಾರದು ಎಂದು ಒಂದು ಬಲೆ ಹಾಕಿದೆ. ಸಂಜೆ ಎಲ್ಲ ಸಿಲಿಂಡರುಗಳಿಗೂ ನಾನೇ ಟೇಪು ಅಂಟಿಸಿದೆ, ಈ ಸಲ ಮೂಲೆ ಮಡಚದೆ, ಒಳಮೈಗೆ ಪೆನ್ನಿನ ಚುಕ್ಕೆ ಇಟ್ಟು. ದಿನಗಟ್ಟಲೆ ಕಾದೆ. ಒಂದು ಬೆಳಿಗ್ಗೆ ಎರಡು ಸಿಲಿಂಡರು ಕಡಿಮೆಯಿದ್ದವು. ಅವುಗಳ ಟೇಪು ಎತ್ತಿದರೆ ಚುಕ್ಕೆಯಿರಲಿಲ್ಲ. ಮೂಲೆ ಮಾತ್ರ ನೀಟಾಗಿ ಮಡಚಿತ್ತು.

ನನ್ನ ಕೈಯೇ ನನ್ನನ್ನು ಅಣಕಿಸಿದ ಹಾಗಾಯಿತು. ಅಂದರೆ ಈ ಮನುಷ್ಯ ಗಾಳಿ ಕದಿಯುವುದಲ್ಲದೆ, ಗೊತ್ತಾಗಬಾರದೆಂದು ತನ್ನ ನಾಯಿಕಚ್ಚು ಬಿಟ್ಟು ನನ್ನ ಮಡಿಕೆಯನ್ನೂ ಕಲಿತಿದ್ದಾನೆ. ಅಷ್ಟು ವರ್ಷ ಭಾವನನ್ನು ಬಹುವಚನದಲ್ಲಿ ಕರೆದ ನಾನು ಆ ಬೆಳಿಗ್ಗೆ ಮನಸ್ಸಿನಲ್ಲಿ ಏಕವಚನಕ್ಕೆ ಇಳಿದಿದ್ದೆ.

ಭಾವ ಬರುವಷ್ಟರಲ್ಲಿ ಎರಡೂ ಟೇಪುಗಳನ್ನು ಹಿಂದಿನ ಕೋಣೆಯ ಮೇಜಿನ ಮೇಲೆ ಅಂಟಿಸಿ ಕೂತಿದ್ದೆ. ಅಪ್ಪ ತನ್ನ ಕುರ್ಚಿಯಲ್ಲಿ ಉಂಗುರ ಉಜ್ಜುತ್ತಿದ್ದ.

"ಇವತ್ತು ಬೆಳಿಗ್ಗೆ ನೀರಿಗಿಳಿದಿದ್ರಾ ಭಾವ?"

ಅವರು ಟೇಪು ನೋಡಿದರು, ಆಮೇಲೆ ಅಪ್ಪನ ಕಡೆ ನೋಡಿದರು. "ಇಳಿದಿದ್ದೆ" ಎಂದರು.

"ಯಾರ ಜೊತೆ?"

"ಅದನ್ನ ಕೇಳ್ಬೇಡ."

"ಗಾಳಿ ಅಂಗಡಿದು, ಸೂಟು ಅಂಗಡಿದು. ಬೇಲಿನೇ ಎದ್ದು ಹೊಲ ಮೇಯ್ತಾ ಇದ್ರೆ ನಾನು ಯಾರನ್ನ ಕೇಳ್ಲಿ? ಆ ಸಣ್ಣ ಸೂಟು ಹಾಕ್ಕೊಳೋಳು ಯಾರು?"

ಭಾವನ ಮುಖದಲ್ಲಿ ಒಂದು ಕ್ಷಣ ನಗು ಬಂದ ಹಾಗಾಗಿ ಅಲ್ಲೇ ಸತ್ತಿತು. "ಈ ಮಾತನ್ನ ನಿಮ್ಮಕ್ಕನಿಗೂ ಹೇಳಿದ್ಯಾ?"

"ಹೇಳ್ದೆ."

"ಅದಕ್ಕೇ ಅವಳು ಎರಡು ವಾರದಿಂದ ನನ್ನ ಮುಖ ನೋಡ್ತಿಲ್ಲ" ಎಂದರು. ಸಿಟ್ಟಿರಲಿಲ್ಲ, ದಣಿದ ದನಿ. "ತಪ್ಪು ಕೆಲಸ ಏನೂ ಮಾಡಿಲ್ಲ. ಅದಕ್ಕಿಂತ ಜಾಸ್ತಿ ಹೇಳೋಕಾಗಲ್ಲ. ನಾನು ಮಾತು ಕೊಟ್ಟಿದೀನಿ."

"ಹಾಗಾದ್ರೆ ಮಾತು ಕೊಟ್ಟೋರ ಹತ್ರಾನೇ ಕೆಲಸಾನೂ ತಗೊಳಿ" ಎಂದೆ.

ಅಪ್ಪನ ಕೈ ನಿಂತಿತ್ತು. ಅವನು ಬಾಯಿ ತೆರೆದು ಏನಾದರೂ ಹೇಳುತ್ತಾನೆ ಎಂದು ನಾನು ಕಾದೆ. ಭಾವನೂ ಕಾದರು. ಅಪ್ಪ ಉಂಗುರವನ್ನೇ ನೋಡುತ್ತಿದ್ದ. ಭಾವ ಬೀಗದ ಕೈಯನ್ನು ಟೇಪುಗಳ ಪಕ್ಕದಲ್ಲಿಟ್ಟರು. ಹೊರಡುವ ಮುಂಚೆ ಅಪ್ಪನ ಮುಂದೆ ಬಗ್ಗಿ, "ಮಾವ, ಇನ್ನು ಬೇಡ. ಆಯ್ತಾ? ನಂಗೆ ಮಾತು ಕೊಡಿ" ಎಂದರು. ಅಪ್ಪ ತಲೆಯಾಡಿಸಿದ. ತಮ್ಮ ಪರವಾಗಿ ನನ್ನ ಜೊತೆ ಜಗಳಕ್ಕಿಳಿಯಬಾರದೆಂದು ಅಪ್ಪನಿಗೆ ಹೇಳುತ್ತಿದ್ದಾರೆ ಎಂದು ನಾನು ಅರ್ಥ ಮಾಡಿಕೊಂಡೆ. ಎಂಥ ನಾಟಕ ಎಂದೂ ಅಂದುಕೊಂಡೆ.

ಆಮೇಲೆ ಸಿಲಿಂಡರುಗಳೆಲ್ಲ ತುಂಬಿಯೇ ಇದ್ದವು. ಬೆಳಿಗ್ಗೆ ಬೆಳಿಗ್ಗೆ ಗೇಜು ತಟ್ಟಿ ನೋಡುವಾಗ ನನಗೆ ಗೆದ್ದ ಸಂತೋಷ.

"ನೋಡಿದ್ಯಾ ಅಪ್ಪ? ಕಳ್ಳ ಹೋದ, ಕಳ್ಳತನ ನಿಂತ್ಹೋಯ್ತು."

"ಹೂಂ" ಎಂದ ಅಪ್ಪ. ಅವನು ಊಟ ಕಡಿಮೆ ಮಾಡಿದ್ದ. ಕುರ್ಚಿಯನ್ನು ಕಿಟಕಿಗೆ ಇನ್ನೂ ಹತ್ತಿರಕ್ಕೆ ಎಳೆದುಕೊಂಡಿದ್ದ. ಅಳಿಯ ಹೋದ ಬೇಜಾರು ಎಂದುಕೊಂಡೆ.

ಗೆದ್ದ ಸಂತೋಷ ಬಹಳ ದಿನ ಬಾಳಲಿಲ್ಲ. ಕಲಿಸುವುದು, ದೋಣಿ, ತುಂಬುವುದು, ಸೂಟು ತೊಳೆಯುವುದು, ಎಲ್ಲವೂ ನನ್ನ ಒಬ್ಬಳ ತಲೆಗೆ ಬಂತು. ಜೊತೆಗೆ ಇಳಿಯಲು ದಿನಕ್ಕೊಬ್ಬರನ್ನು ಕಾಡಿ ಬೇಡಿ ಕರೆತರಬೇಕು. ಹೊಸಬರು ಬಂದು, ಆ ದಪ್ಪ ಮೇಷ್ಟ್ರು ಇಲ್ವಾ ಎಂದು ಕೇಳಿ ವಾಪಸು ಹೋಗುತ್ತಿದ್ದರು. ಭಾವ ಎದುರಂಗಡಿಯಲ್ಲಿ ಕಾಣಿಸಿಕೊಳ್ಳುತ್ತಾರೆ ಎಂದು ನಾನು ದಿನವೂ ಆ ಗಾಜಿನ ಬಾಗಿಲನ್ನೇ ನೋಡುತ್ತಿದ್ದೆ. ಬಂದದ್ದು ಅಂಗಡಿಯವನೇ, ಒಂದು ಸ್ಪ್ಯಾನರ್ ಕೇಳಿಕೊಂಡು.

"ನಿಮ್ಮ ಭಾವನಿಗೆ ಏನು ಮಾಡಿದ್ರಿ?" ಎಂದ. "ಎರಡು ಸಲ ಮನೆಗೇ ಹೋಗಿ ಕರ್ದೆ. ಮಾವನ ಅಂಗಡಿ ಎದುರಿಗೆ ನಿಂತ್ಕೊಂಡು ಇನ್ನೊಬ್ರ ಗಿರಾಕಿ ಕರೆಯೋದು ನನ್ನ ಕೈಲಾಗಲ್ಲ ಅಂದ್ಬಿಟ್ರು. ಅಂಥೋರನ್ನ ಯಾರಾದ್ರೂ ಬಿಡ್ತಾರಾ?"

ಸ್ಪ್ಯಾನರ್ ಕೊಟ್ಟೆ. ಈ ಮಾತಿನ ಹಿಂದೆ ಏನು ಹೂಟವಿದೆಯೋ ಎಂದು ಆ ಸಂಜೆಯೆಲ್ಲ ಯೋಚಿಸಿದೆ. ಕಾಮಾಲೆಯವಳಿಗೆ ಹಾಲೂ ಹಳದಿ.

ಒಂದು ದಿನ ದೋಣಿ ಬೇಗ ಹೊರಡಬೇಕಿತ್ತು. ಬೆಳಕು ಹರಿಯುತ್ತಿದ್ದ ಹಾಗೇ ಅಂಗಡಿಗೆ ಬಂದೆ. ಹಿಂದಿನ ಬಾಗಿಲಿನ ಅಗುಳಿ ತೆಗೆದಿತ್ತು. ಸಿಲಿಂಡರುಗಳ ಸಾಲಿನಲ್ಲಿ ಒಂದು ಹಲ್ಲು ಬಿದ್ದ ಹಾಗೆ ಜಾಗ ಖಾಲಿಯಿತ್ತು. ನೆಲದ ಮೇಲೆ ಟೇಪಿನ ತುಂಡು. ಸಣ್ಣ ಸೂಟೂ ಬಾಡಿಗೆಯ ಒಂದು ರೆಗ್ಯುಲೇಟರೂ ಗೂಟದಲ್ಲಿರಲಿಲ್ಲ.

ಭಾವ ನಕಲಿ ಕೀ ಮಾಡಿಸಿಟ್ಟುಕೊಂಡಿದ್ದಾನೆ ಎಂಬುದೇ ಮೊದಲು ಬಂದ ಯೋಚನೆ. ಪೊಲೀಸರಿಗೆ ಹೇಳಲೇ ಎಂದು ಫೋನು ಕೈಗೆತ್ತಿಕೊಂಡೆ. ದೊಡ್ಡ ಸೂಟು ಅಲ್ಲೇ ನೇತಾಡುತ್ತಿತ್ತು, ಒಣಗಿ ಗರಿಗರಿಯಾಗಿ.

ಮತ್ತೆ ಸಿಲಿಂಡರುಗಳ ಕಡೆ ನೋಡಿದೆ. ಒಂದೇ ಹೋಗಿತ್ತು.

ಒಂದು ಎಂದೂ ಇರಲಿಲ್ಲ. ಯಾವಾಗಲೂ ಎರಡು. ಗಾಳಿ ಕದಿಯುವವನು ಮೂರು ಕದಿಯಬಹುದು, ಐದು ಕದಿಯಬಹುದು, ಬರೀ ಎರಡೇ ಯಾಕೆ ಎಂದು ನಾನು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಜೋಡಿಯಾಗಿಯೇ ಇಳಿಯುವ ಕಳ್ಳ ಎಂದರೆ ಈ ಗೋಡೆಯ ಕೆಳಗೆ ಕಲಿತವನು. ನಾನು ತಲೆಯೆತ್ತಿ ಆ ಕೆಂಪು ಸಾಲನ್ನು ನೋಡಿದೆ, ಅದರ ಕೆಳಗಿನ ಖಾಲಿ ಕುರ್ಚಿಯನ್ನು ನೋಡಿದೆ, ತೆರೆದ ಬಾಗಿಲಿನಾಚೆ ಅಪ್ಪನ ಮಡಚಿಟ್ಟ ಹಾಸಿಗೆಯನ್ನು ನೋಡಿದೆ. ಕಾಯಿಲೆಯ ಮೇಲೆ ಅವನು ಎಷ್ಟು ಇಳಿದುಹೋಗಿದ್ದನೆಂದರೆ, ಅಂಗಿಯೊಳಗೆ ಇನ್ನೊಬ್ಬನು ಹಿಡಿಸುತ್ತಿದ್ದ. ಸಣ್ಣ ಅಳತೆಯೇ ಸಾಕಾಗುತ್ತಿತ್ತು. ಮತ್ತೆ ಆ ಮೂಲೆ ಮಡಿಕೆ ನನ್ನ ಕೈಯದು ಎಂದು ಯಾಕೆ ಅಂದುಕೊಂಡಿದ್ದೆ, ಅದನ್ನು ನನಗೆ ಕೊಟ್ಟ ಕೈ ಅಲ್ಲೇ ಕಿಟಕಿಯ ಹತ್ತಿರ ಗ್ರೀಸ್ ಉಜ್ಜುತ್ತ ಕೂತಿರುವಾಗ?

ಎರಡರ ದಿನಗಳಲ್ಲಿ ಅಪ್ಪನ ಜೊತೆ ಭಾವ ಇದ್ದರು. ಇವತ್ತು ಒಂದು.

ನಾನು ಸೂಟು ಹಾಕಲಿಲ್ಲ. ನನ್ನ ರೆಗ್ಯುಲೇಟರು, ಒಂದು ಸಿಲಿಂಡರು, ಮಾಸ್ಕು ಹೊತ್ತುಕೊಂಡು ಹಿಂಬಾಗಿಲಿನಿಂದ ಓಡಿದೆ. ಬಂದರಿನ ಗೋಡೆಯಲ್ಲಿ ನೀರಿಗಿಳಿಯುವ ಕಲ್ಲಿನ ಮೆಟ್ಟಿಲುಗಳಿವೆ. ಅಪ್ಪ ಹೊಸಬರಿಗೆ ಕಲಿಸುತ್ತಿದ್ದದ್ದು ಅಲ್ಲೇ, ಹಳೆಯ ಲಂಗರಿನ ಸರಪಳಿಯ ಪಕ್ಕ. ಕೊನೆಯ ಮೆಟ್ಟಿಲ ಮೇಲೆ ಅವನ ಚಪ್ಪಲಿ, ಒಂದರ ಪಕ್ಕ ಒಂದು. ಸರಪಳಿಯ ಹತ್ತಿರ ನೀರಿನ ಮೇಲೆ ಗುಳ್ಳೆಗಳು ಬರುತ್ತಿದ್ದವು, ಒಂದು ಕಡೆ ಮಾತ್ರ, ಬಹಳ ಬಿಡುವು ಕೊಟ್ಟು. ನಾನೂ ಒಬ್ಬಳೇ ಇಳಿಯುತ್ತಿದ್ದೇನೆ ಎಂಬುದು ನೀರು ಕಿವಿ ಮುಚ್ಚಿದ ಮೇಲೆ ನೆನಪಾಯಿತು.

ಅಪ್ಪ ತಳದಲ್ಲಿ ಮಂಡಿಯೂರಿ ಕೂತಿದ್ದ. ಬಲಗೈ ಸರಪಳಿಯನ್ನು ಬಿಗಿಯಾಗಿ ಹಿಡಿದಿತ್ತು. ಎಡಗೈ ಚಾಚಿತ್ತು, ಅಂಗೈ ಕೆಳಗೆ ಮಾಡಿ ಅತ್ತಿತ್ತ ಅಲುಗುತ್ತಿತ್ತು. ಏನೋ ಸರಿಯಿಲ್ಲ ಎಂದು ಜೊತೆಗಾರನಿಗೆ ಹೇಳುವ ಸನ್ನೆ ಅದು. ನಾನು ಅವನ ಹಿಂದಿನಿಂದ ಬರುತ್ತಿದ್ದೆ. ಅವನಿನ್ನೂ ನನ್ನನ್ನು ನೋಡಿರಲಿಲ್ಲ. ಆ ಸನ್ನೆ ಅವನ ಎಡಗಡೆಗೆ, ಯಾರೂ ಇಲ್ಲದ ನೀರಿಗೆ. ಅಲ್ಲಿ ಯಾವಾಗಲೂ ಒಬ್ಬರು ಇರುತ್ತಿದ್ದರು.

ನನ್ನ ಬದುಕಿನಲ್ಲಿ ಅಷ್ಟು ಹೆದರಿಕೆ ಎಂದೂ ಆಗಿರಲಿಲ್ಲ. ನೀರಿನೊಳಗೆ ಅಳಬಾರದು, ಮಾಸ್ಕಿನೊಳಗೆ ಒರೆಸಲಾಗುವುದಿಲ್ಲ. ಅವನ ಎಡಗಡೆಗೆ ಹೋಗಿ ಆ ಕೈ ಹಿಡಿದೆ. ಸರಪಳಿಯಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಅವನೇ ಕಲಿಸಿದ ಹಾಗೆ, ಗುಳ್ಳೆಗಳಿಗಿಂತ ನಿಧಾನವಾಗಿ, ಮೇಲಕ್ಕೆ ತಂದೆ.

ಮೆಟ್ಟಿಲ ಮೇಲೆ ಮಲಗಿಸಿದಾಗ ಅವನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾನು ಕೂಗಿದ್ದಕ್ಕೆ ಎದ್ದು ಬಂದವರು ಹಲ್ಲಿನ ಡಾಕ್ಟರು, ಲುಂಗಿಯಲ್ಲಿ, ಬರಿಗಾಲಲ್ಲಿ. ಅಪ್ಪನ ನಾಲಿಗೆಯ ಕೆಳಗೆ ಮಾತ್ರೆ ಇಟ್ಟು, ತಮ್ಮ ಕಾರಿನಲ್ಲೇ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿಸಿದರು. ಇನ್ನು ಅವರು ಎಷ್ಟು ದೂರು ಕೊಟ್ಟರೂ ನಾನು ಬಾಯಿ ತೆರೆಯುವುದಿಲ್ಲ.

ಅಪ್ಪ ಉಳಿದ. ಇನ್ನು ಸ್ವಲ್ಪ ಹೊತ್ತು ಕೆಳಗಿದ್ದಿದ್ದರೆ ಇಲ್ಲ ಎಂದರು ಆಸ್ಪತ್ರೆಯವರು. ಎಚ್ಚರವಾದ ಮೇಲೆ ನನ್ನ ಒದ್ದೆ ಬಟ್ಟೆ ನೋಡಿ, "ನೀನೂ ಒಬ್ಳೇ ಇಳಿದ್ಯಾ?" ಎಂದು ಮೆಲ್ಲಗೆ ಕೇಳಿದ.

"ಸುಮ್ನಿರು" ಎಂದೆ. ನನಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತ್ತು, ಎರಡು ಬಿಗಿಯಬೇಕೆಂದೂ ಅನಿಸಿತ್ತು. "ಭಾವನ್ನ ನಾನು ಕಳ್ಳ ಅಂದೆ. ಹೆಣ್ಣಿನ ಹಿಂದೆ ಹೋದೋನು ಅಂತ ಅಕ್ಕನಿಗೆ ಹೇಳ್ದೆ. ನೀನು ಅಲ್ಲೇ ಕೂತು ಉಂಗುರ ಉಜ್ಜುತಾ ಇದ್ದೆ. ನಿನ್ನ ಬಾಯಿಗೇನಾಗಿತ್ತು?"

ಅಪ್ಪ ಹೊದಿಕೆಯ ಅಂಚನ್ನು ಬೆರಳಿನಲ್ಲಿ ಉಜ್ಜಿದ. "ಹೇಳಿದ್ರೆ ಆ ಬಾಗಿಲಿಗೂ ನೀನು ಬೀಗ ಹಾಕ್ತಿದ್ದೆ" ಎಂದ. "ಮೊದಲ್ನೇ ದಿನ ನಾನು ಒಬ್ನೇ ಇಳೀತಾ ಇದ್ದಾಗ ಅವನು ನೋಡ್ಬಿಟ್ಟ. ಬೇಡ ಅಂತ ಕೈ ಮುಗಿದ. ನಾನು ಕೇಳ್ಲಿಲ್ಲ. ಹೋಗೋದೇ ಆದ್ರೆ ನಾನು ಪಕ್ಕದಲ್ಲಿರ್ತೀನಿ, ಸರಪಳಿ ದಾಟಂಗಿಲ್ಲ, ಕೈ ತೋರಿಸಿದ ತಕ್ಷಣ ಮೇಲೆ ಅಂದ. ಯಾರಿಗೂ ಹೇಳ್ಬಾರ್ದು ಅಂತ ಮಾತು ತಗೊಂಡೋನು ನಾನು. ಅವನು ಹೋದ್ಮೇಲೆ ಬಿಟ್ಟಿದ್ದೆ ಮರಿ. ನಿಜವಾಗ್ಲೂ ಬಿಟ್ಟಿದ್ದೆ. ಇವತ್ತು ನೀರು ತುಂಬಾ ತಿಳಿಯಾಗಿತ್ತು."

ಅವನ ಮೇಲಿನ ಸಿಟ್ಟು ನನಗೆ ಈಗಲೂ ಪೂರ್ತಿ ಇಳಿದಿಲ್ಲ. ಆದರೆ ಆ ಹೊತ್ತಿಗೆ ಅದಕ್ಕಿಂತ ದೊಡ್ಡದು ಎದೆಯ ಮೇಲೆ ಕೂತಿತ್ತು. ಮಾತಾಡದೆ ಭಾರ ಹೊತ್ತವನನ್ನು ಪಕ್ಕದಿಂದ ಎಬ್ಬಿಸಿ ಕಳಿಸಿದವಳು ನಾನು. ಅಪ್ಪ ಒಬ್ಬನೇ ಆದದ್ದು ನನ್ನಿಂದ.

ಭಾವ ಬಿಟ್ಟುಹೋದ ಬೀಗದ ಕೈ ನನ್ನ ಚೀಲದಲ್ಲೇ ಇತ್ತು. ಅಕ್ಕನ ಮನೆಗೆ ಹೋಗುವ ದಾರಿಯುದ್ದಕ್ಕೂ ಏನು ಹೇಳಬೇಕು, ಹೇಗೆ ಶುರುಮಾಡಬೇಕು ಎಂದು ಮಾತು ಜೋಡಿಸಿಕೊಂಡೆ. ಅಕ್ಕ ಬಾಗಿಲು ತೆರೆದಳು. ಅವಳ ಹಿಂದೆ ಭಾವ ಕಿಟಕಿಗೆ ಹೊಸ ಚಿಲಕ ಕೂರಿಸುತ್ತಿದ್ದರು.

"ಅಪ್ಪ ಆಸ್ಪತ್ರೇಲಿದಾನೆ" ಎಂದೆ. "ಪ್ರಾಣಕ್ಕೇನೂ ಇಲ್ಲ. ಬೆಳಿಗ್ಗೆ ಸರಪಳಿ ಹತ್ರ ಇಳಿದಿದ್ದ."

ಅಕ್ಕ ಬಾಗಿಲನ್ನು ಹಿಡಿದುಕೊಂಡು ನಿಂತಳು. ಅವಳು ನನ್ನನ್ನೂ ಗಂಡನನ್ನೂ ಒಂದೊಂದು ಸಲ ನೋಡಿದಳು. ಸಣ್ಣ ಸೂಟು ಯಾರದೆಂದು ಅವಳಿಗೆ ಆಗಲೇ ತಿಳಿಯಿತು.

ಭಾವ ಸ್ಕ್ರೂ ಡ್ರೈವರ್ ಕೆಳಗಿಟ್ಟರು. ನಾನು ಅವರ ಮೇಲೆ ಹೊರಿಸಿದ್ದೆಲ್ಲ ಇವತ್ತಿಗೆ ಸುಳ್ಳಾಯಿತೆಂದು ಅವರಿಗೂ ತಿಳಿದಿರಬೇಕು. ಅವರು ಅದರ ಮಾತೇ ಎತ್ತಲಿಲ್ಲ.

"ಮಾವನ ಜೊತೆ ಯಾರಿದ್ರು?" ಎಂದು ಕೇಳಿದರು.

"ಯಾರೂ ಇರ್ಲಿಲ್ಲ ಭಾವ."

ಅವರು ಕುರ್ಚಿಯ ಮೇಲೆ ಕೂತರು. ಆ ದೊಡ್ಡ ಮೈ ಒಮ್ಮೆಲೇ ಚಿಕ್ಕದಾದ ಹಾಗೆ ಕಂಡಿತು. "ನಾನಿರ್ತಿದ್ದೆ" ಎಂದರು.

ನಾನು ಬೀಗದ ಕೈಯನ್ನು ಅವರ ಮುಂದಿನ ಮೇಜಿನ ಮೇಲಿಟ್ಟೆ. ಅವರು ಅದನ್ನು ನೋಡಿದರು, ಮುಟ್ಟಲಿಲ್ಲ. ಅಂಗಿ ಹಾಕಿಕೊಂಡು, ಅಕ್ಕನಿಗೆ ಚಪ್ಪಲಿ ತೋರಿಸಿ, "ಮೊದ್ಲು ಆಸ್ಪತ್ರೆಗೆ ನಡಿ" ಎಂದರು. ಅವರಿಬ್ಬರೂ ಮುಂದೆ ಹೋದರು. ನಾನು ಬಾಗಿಲು ಎಳೆದುಕೊಂಡು ಹಿಂದೆ ಹೋದೆ.